ಎಲ್ಲಿಗೆ ಬಿಡ್ಲಿ

ನಾನು ಕಾರು ಕಲಿಯುತ್ತೇನೆ ಅಂದ ದಿನ ನಮ್ಮತ್ತೆ ತುಂಗಮ್ಮನವರು ಊಟ ಬಿಟ್ಟರು. ಬಿಟ್ಟರು ಅಂದರೆ ರಾತ್ರಿಯ ಊಟ ಮಾತ್ರ. ಬೆಳಿಗ್ಗೆ ಅವಲಕ್ಕಿ ಒಗ್ಗರಣೆಯ ವಾಸನೆಗೆ ಸೋತು ತಾವೇ ಬಂದು ಕೂತರು. ಆದರೆ ಮಾತಿಲ್ಲ, ಕತೆಯಿಲ್ಲ. ತಟ್ಟೆ ಖಾಲಿಯಾದರೆ ಗೋಡೆ ಕಡೆ ತಿರುಗಿ 'ಇನ್ನೊಂದು ಚೂರು' ಅನ್ನೋರು. ನಾನೂ ಹಟದಲ್ಲಿ ಅವರಿಗೇನೂ ಕಮ್ಮಿ ಇರಲಿಲ್ಲ, ಗೋಡೆಗೇ ಬಡಿಸಿದವಳ ಹಾಗೆ ಬಡಿಸಿ ಒಳಗೆ ಹೋಗುತ್ತಿದ್ದೆ.

ಆಗ ನಾನು ಮನೆಯಲ್ಲೇ ಚಕ್ಕುಲಿ, ಕೋಡುಬಳೆ, ನಿಪ್ಪಟ್ಟು ಮಾಡಿ ಅಂಗಡಿಗಳಿಗೆ ಹಾಕುತ್ತಿದ್ದೆ. ಆಟೋದವರು ಡಬ್ಬಗಳನ್ನು ಎತ್ತಿ ಕುಕ್ಕಿ ಕುಕ್ಕಿ, ಅಂಗಡಿ ಮುಟ್ಟುವ ಹೊತ್ತಿಗೆ ಅರ್ಧ ಚಕ್ಕುಲಿ ಪುಡಿಯಾಗಿರುತ್ತಿತ್ತು. ಒಂದು ಹಳೇ ವ್ಯಾನು ತಗೊಂಡು ನಾನೇ ಓಡಿಸಿಕೊಂಡು ಹೋಗೋಣ ಅಂತ ನನ್ನ ಯೋಚನೆ. ಇದರಲ್ಲಿ ಊಟ ಬಿಡೋ ಅಂಥದ್ದೇನಿದೆ ಅಂತ ಬೇರೆ ಊರಿನವರು ಕೇಳಬಹುದು. ನಮ್ಮೂರಿನವರು ಯಾರೂ ಕೇಳಲಿಲ್ಲ. ನನ್ನ ಗಂಡ ಮನೆಯಿಂದ ಹೋಗಿ ಮೂರು ವರ್ಷ ದಾಟಿತ್ತು. ಬದುಕಿದ್ದಾರೋ ಇಲ್ಲವೋ ಅನ್ನೋದು ಯಾರಿಗೂ ಗೊತ್ತಿರಲಿಲ್ಲ. ನಾನು ಸ್ಟೇರಿಂಗ್ ಹಿಡಿದರೆ ಅದು ಗೊತ್ತಾಗಿಬಿಡುತ್ತಿತ್ತು.

ನಮ್ಮೂರಲ್ಲಿ ಗಾಡಿ ಕಲಿಯುವವರು ಮೊದಲನೇ ಸಲ ಸ್ಟಾರ್ಟ್ ಮಾಡಿ ಒಳಗಿನ ಕನ್ನಡಿ ಸರಿಮಾಡಿಕೊಂಡರೆ ಹಿಂದಿನ ಸೀಟಿನಲ್ಲಿ ಒಬ್ಬರು ಕೂತಿರುತ್ತಾರೆ. ನಮ್ಮವರೇ, ಎಲ್ಲರಿಗಿಂತ ಈಚೆಗೆ ತೀರಿಕೊಂಡವರು. ಕತ್ತು ತಿರುಗಿಸಿ ನೋಡಿದರೆ ಬರೀ ಸೀಟು, ಕನ್ನಡಿಯಲ್ಲಿ ಮಾತ್ರ ಅವರು. ಕಾಣಿಸುವುದೂ ಕೇಳಿಸುವುದೂ ಕಲಿಯುವವರಿಗಷ್ಟೇ. ಎಲ್ಲಿಗೆ ಬಿಡ್ಲಿ ಅಂತ ಕೇಳಬೇಕು, ಅವರು ಹೇಳಿದ ಕಡೆ ಬಿಡಬೇಕು. ಆ ಒಂದು ಪ್ರಶ್ನೆ ಬಿಟ್ಟು ಇನ್ನೇನು ಕೇಳಿದರೂ ಅವರು ತುಟಿ ಬಿಚ್ಚುವುದಿಲ್ಲ. ಬಿಟ್ಟು ಬಂದ ಮೇಲೆ ಲೈಸೆನ್ಸ್. ಬ್ರೇಕ್ ಇನ್ಸ್‌ಪೆಕ್ಟರು ಬಿಸಿಲುಗಾಲದಲ್ಲೂ ಶಾಲು ಹೊದ್ದು ಬಂದು, ಎಂಟು ಹಾಕಿಸಿ, ರಿವರ್ಸ್ ತೆಗೆಸಿ, ಕೊನೆಗೆ ಹಿಂದಿನ ಸೀಟಿನ ಮೇಲೆ ಅಂಗೈ ಊರಿ ನೋಡುತ್ತಿದ್ದರು. ಥಂಡಿ ಹತ್ತಿದರೆ, 'ಇನ್ನೂ ಬಿಟ್ಟಿಲ್ಲ ನೀವು, ಮುಂದಿನ ತಿಂಗಳು ಬನ್ನಿ' ಅಂತ ಇಳಿದು ಹೋಗೋರು.

ಇದಕ್ಕೆ ಯಾರೂ ತಲೆ ಕೆಡಿಸಿಕೊಂಡವರಲ್ಲ. ಎಲ್ ಬೋರ್ಡಿನ ಕಾರೊಂದು ಮನೆ ಮುಂದೆ ನಿಂತರೆ ಒಳಗಿನವರು ಕೈ ಒರೆಸಿಕೊಂಡು ಬಂದು ಗೇಟು ತೆಗೆದು, 'ಯಾರನ್ನ ಬಿಡೋಕೆ ಬಂದ್ರಿ?' ಅಂತ ವಿಚಾರಿಸಿ, ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದರು. ತೀರಿಕೊಂಡವರು ಒಳಗೆ ಹೋಗಿರಬೇಕು ಅನ್ನಿಸಿದ ಮೇಲೆ ಡ್ರೈವರಿಗೆ ಕಾಫಿ. ಬ್ಯಾಂಕಿನ ಕ್ಯಾಷಿಯರ್ ಒಬ್ಬರು ಬೇಕೆಂದೇ ಕೇಳದೆ, ತಮ್ಮ ಸೋದರತ್ತೆಯನ್ನು ಭಾನುವಾರ ಭಾನುವಾರ ಕೆರೆ ಏರಿ ಮೇಲೆ ಸುತ್ತಾಡಿಸುತ್ತಿದ್ದರು. ಬದುಕಿದ್ದಾಗ ಆಕೆ ಕಾರು ಹತ್ತಿದವರೇ ಅಲ್ಲವಂತೆ. ಕಟಿಂಗ್ ಶಾಪಿನ ಲೋಕಪ್ಪನ ಕಷ್ಟ ಬೇರೆ. ಅವನ ತಾತ 'ಟೂರಿಂಗ್ ಟಾಕೀಸಿಗೆ' ಅಂದುಬಿಟ್ಟಿದ್ದ. ಟೆಂಟು ಎದ್ದು ಹೋಗಿ ಎಷ್ಟೋ ಕಾಲವಾಗಿತ್ತು. ಲೋಕಪ್ಪ ತಾತನನ್ನು ಕೂರಿಸಿಕೊಂಡು ಖಾಲಿ ಬಯಲಿನ ಸುತ್ತ ಸುತ್ತಿದ್ದೇ ಸುತ್ತಿದ್ದು.

'ಆ ಕನ್ನಡಿ ನೋಡೋ ಕೆಲಸ ನಮಗೆ ಬೇಡ ವಾರಿಜಾ' ಅಂತ ಅತ್ತೆ ಕೊನೆಗೆ ಗೋಡೆ ಬಿಟ್ಟು ನನ್ನ ಕಡೆಗೇ ತಿರುಗಿ ಹೇಳಿದರು. 'ನೋಡದೇ ಇರೋ ತನಕ ಪ್ರಭಾಕರ ಎಲ್ಲೋ ಚೆನ್ನಾಗಿದ್ದಾನೆ. ಚಕ್ಕುಲಿ ಪುಡಿಯಾದ್ರೆ ಆಗ್ಲಿ.'

'ಚೆನ್ನಾಗಿದ್ರೆ ಕನ್ನಡೀಲಿ ಬರಲ್ಲವಲ್ಲ ಅತ್ತೆ. ಬೇರೆ ಯಾರೋ ಬರ್ತಾರೆ. ಅವಾಗ ನಿಮಗೇ ಸಮಾಧಾನ' ಅಂದೆ. ಅವರು ಬಹಳ ಹೊತ್ತು ಸೆರಗಿನ ತುದಿ ಹಿಂಡುತ್ತಾ ಕೂತಿದ್ದರು. ಬೇಡ ಅಂತ ಮತ್ತೆ ಅನ್ನಲಿಲ್ಲ.

ನನ್ನ ಗಂಡ ಸ್ಟೀಲ್ ಪಾತ್ರೆ ಕಂಪನಿಯೊಂದರ ಏಜೆಂಟರು. ವಾರ ಬಿಟ್ಟು ವಾರ ಟೂರು. ಸ್ಯಾಂಪಲ್ ಬ್ಯಾಗು ತಗೊಂಡು ಹೊರಟರೆ ನಾನು ಬಾಗಿಲಲ್ಲಿ ನಿಂತು 'ದೂರ ಏನ್ರೀ?' ಅನ್ನುತ್ತಿದ್ದೆ. 'ಅಷ್ಟೇನೂ ದೂರ ಇಲ್ಲ' ಅನ್ನೋರು. ಅಷ್ಟೇ ನಮ್ಮ ಮಾತು. ಯಾಕೆಂದರೆ ಹೊರಟವರನ್ನು ಎಲ್ಲಿಗೆ ಅಂತ ಕೇಳಬಾರದು, ಅಪಶಕುನ. ಮದುವೆಯಾದ ಹೊಸದರಲ್ಲಿ ಒಂದು ಸಲ ಬಾಯಿ ತಪ್ಪಿ ಕೇಳಿದ್ದಕ್ಕೆ ಅತ್ತೆ ಓಡಿ ಬಂದು ಅವರನ್ನು ವಾಪಸ್ ಕರೆದು, ಕೂರಿಸಿ, ನೀರು ಕುಡಿಸಿ ಮತ್ತೆ ಕಳಿಸಿದ್ದರು. 'ದೂರಾನಾ ಅಂತ ಕೇಳು, ಎಲ್ಲಿಗೆ ಅಂತ ಮಾತ್ರ ಬಾಯಿ ಬಿಡಬೇಡ' ಅಂತ ನನಗೆ ತಾಕೀತು. ಹಾಗಾಗಿ ಅವರು ವಾಪಸ್ ಬಾರದೇ ಇದ್ದಾಗ ಪೊಲೀಸಿನವರು ಮೊದಲು ಕೇಳಿದ ಪ್ರಶ್ನೆಗೇ ನಮ್ಮಿಬ್ಬರ ಹತ್ತಿರ ಉತ್ತರ ಇರಲಿಲ್ಲ. 'ಹೆಂಡತಿಯಾಗಿ ಎಲ್ಲಿಗೆ ಅಂತ ಕೇಳಲಿಲ್ವೇನಮ್ಮ?' ಅಂದರು. ಏನಂತ ಹೇಳೋದು. ಬೀದಿಯವರು ಯಾವುದೋ ಊರಲ್ಲಿ ಇನ್ನೊಂದು ಸಂಸಾರ ಮಾಡಿಕೊಂಡಿದ್ದಾನೆ ಅಂತ ಕಿವಿ ಕಚ್ಚಿಕೊಂಡರು. ಅತ್ತೆ ಆ ಮಾತಿಗೆ ಪಕ್ಕದ ಮನೆಯವರ ಜೊತೆ ಜಗಳವಾಡಿ ಎರಡು ಮನೆಗೂ ಮಾತು ಬಿಟ್ಟುಹೋಯಿತು. ನಾನು ಜಗಳವಾಡಲಿಲ್ಲ. ನನಗೂ ಹಾಗೇ ಅನ್ನಿಸುತ್ತಿತ್ತು, ಅದಕ್ಕೇ.

ಡ್ರೈವಿಂಗ್ ಸ್ಕೂಲು ಜಬ್ಬಾರ್ ಮೇಷ್ಟ್ರದು. ಮೊದಲು ಲಾರಿ ಓಡಿಸುತ್ತಿದ್ದವರು. ಒಂದೇ ಒಂದು ಬಿಳಿ ಕಾರು, ಅವರ ಕಾಲ ಬುಡದಲ್ಲೂ ಒಂದು ಕ್ಲಚ್ಚು ಒಂದು ಬ್ರೇಕು. ಬಾಯಿ ಮಾತ್ರ ಬ್ರೇಕಿಲ್ಲದ್ದು. 'ನೋಡಮ್ಮಾ, ನಾನು ಕಲಿಸಿದೋರು ಯಾರೂ ಇವತ್ತಿನವರೆಗೆ ಕೋಳೀನೂ ಕೊಂದಿಲ್ಲ. ಕನ್ನಡಿ ನೋಡ್ಕೋ. ಕಿರುಚಬೇಡ. ಕಿರುಚಿದ್ರೆ ಅವರಿಗೆ ಬೇಜಾರಾಗುತ್ತೆ.'

ಅವತ್ತು ಬೆಳಿಗ್ಗೆಯಿಂದ ನಾನು ನನ್ನ ಅಪ್ಪನನ್ನು ಬೇಡಿಕೊಳ್ಳುತ್ತಿದ್ದೆ. ನಾನು ಚಿಕ್ಕವಳಿದ್ದಾಗಲೇ ತೀರಿಕೊಂಡವರು ಅವರು. ಬಾರಪ್ಪಾ, ನೀನೇ ಬಾ, ನಿನ್ನ ಮುಖ ಮರೆತಿದ್ದೀನಿ, ನೋಡಿದ ಹಾಗೂ ಆಗುತ್ತೆ ಅಂತ. ಕೀಲಿ ತಿರುಗಿಸಿದೆ. ಕನ್ನಡಿಗೆ ಕೈ ಹಾಕಿದೆ. ಕಿಟಕಿ ಪಕ್ಕ, ತಿಳಿನೀಲಿ ಷರಟು, ತೊಡೆ ಮೇಲೆ ಸ್ಯಾಂಪಲ್ ಬ್ಯಾಗು. ಹೋದ ದಿನ ಹೇಗೆ ತಲೆ ಬಾಚಿದ್ದರೋ ಹಾಗೇ. ಹೊರಗೆ ನೋಡುತ್ತಾ ಕೂತಿದ್ದರು. ಬಸ್ಸು ಹೊರಡುವುದನ್ನು ಕಾಯುವವರು ಕೂರುತ್ತಾರಲ್ಲ, ಆ ತರ.

ನಾನು ಕಿರುಚಲಿಲ್ಲ. ನನ್ನ ಕಾಲು ಕ್ಲಚ್ಚಿನಿಂದ ಜಾರಿ ಕಾರು ಒಂದು ಸಲ ಎಗರಿ ನಿಂತಿತು. ಮೇಷ್ಟ್ರು ಬಾಗಿಲ ಕಡೆ ಮುಖ ತಿರುಗಿಸಿಕೊಂಡು ಬಹಳ ಹೊತ್ತು ಕೆಮ್ಮಿದರು. ಆಮೇಲೆ ಮೆಲ್ಲಗೆ, 'ನಿಧಾನಕ್ಕೆ ಬಿಡಬೇಕಮ್ಮಾ ಕ್ಲಚ್ಚು' ಅಂದರು.

ಮನೆಗೆ ಬಂದಾಗ ಅತ್ತೆ ಹೊಸಿಲ ಮೇಲೇ ನಿಂತಿದ್ದರು. ಕೇಳಲೂ ಇಲ್ಲ, ಒಳಗೆ ಬಿಡಲೂ ಇಲ್ಲ. ಮುಖ ನೋಡುತ್ತಾ ನಿಂತರು. 'ಅಪ್ಪ ಬಂದಿದ್ರು' ಅಂದೆ. ಅವರ ಮುಖ ಹೇಗೆ ಅರಳಿತೆಂದರೆ ನನಗೆ ಅವರ ಮೇಲೆ ಸಿಟ್ಟು ಬಂತು, ನನ್ನ ಮೇಲೆ ಹೇಸಿಗೆ ಹುಟ್ಟಿತು. 'ನಾನು ಹೇಳಲಿಲ್ವಾ? ಇದ್ದಾನೆ, ಎಲ್ಲೋ ಇದ್ದಾನೆ ನಮ್ಮ ಪ್ರಭಾಕರ' ಅಂತ ಹೇಳುತ್ತಾ ಒಳಗೆ ಹೋಗಿ ದೇವರಿಗೆ ತುಪ್ಪದ ದೀಪ ಹಚ್ಚಿದರು. ಅವತ್ತಿನಿಂದ ಅವರೇ ನನ್ನನ್ನು ತಳ್ಳಿ ತಳ್ಳಿ ಡ್ರೈವಿಂಗಿಗೆ ಕಳಿಸತೊಡಗಿದರು. ಬೀದಿಯಲ್ಲಿ ಸಿಕ್ಕ ಸಿಕ್ಕವರಿಗೆ 'ನಮ್ಮ ಬೀಗರು ಬಂದಿದ್ದಾರಂತೆ ಕನ್ನಡೀಲಿ' ಅಂತ ಬೇರೆ ಸಾರಿಕೊಂಡು ಬಂದರು.

ಹೇಳಿಕೊಳ್ಳೋಕೆ ನಾಚಿಕೆ, ಆದರೂ ಹೇಳುತ್ತೇನೆ. ಆ ದಿನಗಳಲ್ಲಿ ನಾನು ಸುಖವಾಗಿದ್ದೆ. ಡ್ರೈವಿಂಗ್ ಕ್ಲಾಸಿಗೆ ಮಲ್ಲಿಗೆ ಮುಡಿದುಕೊಂಡು ಹೋದವಳು ಊರಲ್ಲಿ ನಾನೊಬ್ಬಳೇ ಇರಬೇಕು. ಎರಡನೇ ಗೇರಿನಲ್ಲಿ ಹೋಗುತ್ತಾ ಅವರಿಗೆ ಎಲ್ಲಾ ಹೇಳುತ್ತಿದ್ದೆ. ಅಕ್ಕಿ ಹಿಟ್ಟಿನ ಮಿಲ್ಲಿನವನು ಮೋಸ ಮಾಡುತ್ತಾನೆ ರೀ, ನಿಮ್ಮಮ್ಮನಿಗೆ ಮಂಡಿ ನೋವು ಜಾಸ್ತಿಯಾಗಿದೆ ರೀ. ಅವರು ಕಿಟಕಿ ಆಚೆ ನೋಡುತ್ತಿದ್ದರು. ಬದುಕಿದ್ದಾಗಲೂ ಹಾಗೇ ನೋಡುತ್ತಿದ್ದವರು, ಅದರಿಂದ ನನಗೆ ಬೇಜಾರೇನೂ ಆಗಲಿಲ್ಲ. ಪಕ್ಕದಲ್ಲಿ ಜಬ್ಬಾರ್ ಮೇಷ್ಟ್ರು ಏನೂ ಕೇಳಿಸದವರ ಹಾಗೆ ಪೇಪರು ಓದುತ್ತಿದ್ದರು. ಕಾರು ಹಳ್ಳಕ್ಕೆ ಇಳಿಯುವಂತಾದರೆ ಮಾತ್ರ ಪೇಪರಿನ ಹಿಂದಿನಿಂದಲೇ ಬ್ರೇಕ್ ಒತ್ತೋರು.

ಕೇಳಬೇಕಾದ್ದೊಂದನ್ನು ಬಿಟ್ಟು ಎಲ್ಲಾ ಕೇಳಿದೆ. 'ದೂರ ಏನ್ರೀ?' ಅಂತ ಎಷ್ಟು ಸಲ ಕೇಳಿದೆನೋ. ಆ ಪ್ರಶ್ನೆಗೆ ಅವರಲ್ಲಿ ಉತ್ತರ ಇಲ್ಲ. ಎಲ್ಲಿಗೆ ಅಂತ ಕೇಳೋಕೆ ನನಗೆ ಬಾಯಿ ಬರಲಿಲ್ಲ. ಇಷ್ಟು ವರ್ಷದ ಅಭ್ಯಾಸ, ನಾಲಿಗೆ ಅಲ್ಲಿಗೆ ಬಂದು ನಿಂತುಬಿಡುತ್ತಿತ್ತು. ಬರೀ ಅಭ್ಯಾಸ ಅಂದರೂ ಸುಳ್ಳಾಗುತ್ತದೆ. ಕೇಳಿದರೆ ಇಳಿದು ಹೋಗುತ್ತಾರೆ. ಅದಕ್ಕಿಂತ ಹೆಚ್ಚಾಗಿ, ಕೇಳಿದರೆ ಹೇಳುತ್ತಾರೆ. ಅವರು ಹೇಳುವ ಜಾಗ ಯಾವುದೋ ಏನೋ.

ಎರಡು ಸಲ ಟೆಸ್ಟಿಗೆ ಹೋಗಿ ಎರಡು ಸಲವೂ ಫೇಲಾದೆ. ಎಂಟು ನೀಟಾಗಿ ಹಾಕಿದ್ದೆ. ಇನ್ಸ್‌ಪೆಕ್ಟರು ಸೀಟಿನಿಂದ ಕೈ ತೆಗೆದು, ಉಜ್ಜಿಕೊಂಡು ಇಳಿದು ಹೋದರು.

ಎರಡನೇ ಸಲ ಫೇಲಾದ ಮೇಲೆ ಮೇಷ್ಟ್ರು ಪೇಪರು ಮಡಚಿಟ್ಟರು. 'ಯಾರು ಅಂತ ನಾನು ಕೇಳಲ್ಲ, ಅದು ನನ್ನ ಕೆಲಸ ಅಲ್ಲ. ಆದ್ರೆ ಒಂದು ಮಾತು ಹೇಳ್ತೀನಿ, ಅಣ್ಣ ಅಂದ್ಕೊಂಡು ಕೇಳು. ತುಂಬಾ ದಿನ ಕೂರಿಸ್ಕೊಂಡ್ರೆ ಅವರು ಮಸುಕಾಗ್ತಾರೆ. ಪೂರ್ತಿ ಮಸುಕಾದೋರು ಇಳಿಯೋದೂ ಇಲ್ಲ, ಕಾಣೋದೂ ಇಲ್ಲ. ಸೀಟು ಮಾತ್ರ ಥಂಡಿ. ಬದುಕಿರೋ ತನಕ ನೀನು ಯಾವ ಗಾಡಿ ಹತ್ತಿದ್ರೂ ಥಂಡಿ.'

ಅದು ನನಗೆ ಗೊತ್ತಿಲ್ಲದ್ದೇನೂ ಅಲ್ಲ. ಹದಿನೈದು ದಿನದಿಂದ ಷರಟಿನ ಗುಂಡಿ ಕಾಣಿಸುತ್ತಿರಲಿಲ್ಲ. ಆಮೇಲೆ ಮೀಸೆ ಹೋಯಿತು. ನಾನು ಸೆರಗಿನಿಂದ ಕನ್ನಡಿ ಒರೆಸಿ ಒರೆಸಿ ನೋಡುತ್ತಿದ್ದೆ, ಕನ್ನಡಿಯದೇ ತಪ್ಪು ಅನ್ನೋ ಹಾಗೆ.

ಮೂರನೇ ಟೆಸ್ಟಿನ ದಿನ ಅತ್ತೆ ರೇಷ್ಮೆ ಸೀರೆ ಉಟ್ಟು ತಯಾರಾಗಿ ನಿಂತರು. 'ನಾನೂ ಬರ್ತೀನಿ. ನಿಮ್ಮಪ್ಪ ಯಾಕೆ ಇಳೀತಿಲ್ಲ ಅಂತ ನಾನೇ ವಿಚಾರಿಸ್ತೀನಿ. ಬೀಗಿತ್ತಿ ಮಾತು ಮೀರಲ್ಲ ಅವರು.' ಬೇಡ ಅಂದೆ, ಮಂಡಿ ನೋವು ಅಂದೆ, ಕಾರಲ್ಲಿ ಪೆಟ್ರೋಲ್ ವಾಸನೆ ಅಂದೆ. ಅವರು ಯಾವುದನ್ನೂ ಕಿವಿ ಮೇಲೆ ಹಾಕಿಕೊಳ್ಳಲಿಲ್ಲ. ಮುಂದಿನ ಸೀಟು ಮೇಷ್ಟ್ರದು. ಅತ್ತೆ ಹಿಂದಿನ ಬಾಗಿಲು ತೆಗೆದು, ಕಾಣದವರಿಗೆ ಒಂದು ನಮಸ್ಕಾರ ಹಾಕಿ ಹತ್ತಿ ಕೂತರು.

ಕನ್ನಡಿಯಲ್ಲಿ ಇಬ್ಬರೂ ಕಾಣಿಸಿದರು. ಅತ್ತೆಯ ಸೀರೆಯ ಅಂಚು ಅವರ ಬ್ಯಾಗಿನ ಮೇಲೆ ಬಿದ್ದಿತ್ತು. ಅಮ್ಮ ಪಕ್ಕದಲ್ಲಿ ಬಂದು ಕೂತರೂ ಅವರು ಕಿಟಕಿಯಿಂದ ಮುಖ ತೆಗೆಯಲಿಲ್ಲ. ಆ ಮುಖದಲ್ಲಿ ಆಗಲೇ ಕಣ್ಣೊಂದು ಬಿಟ್ಟು ಉಳಿದದ್ದು ಅಳಿಸಿ ಹೋದಂತಿತ್ತು.

'ಎಷ್ಟು ಥಂಡಿನಮ್ಮ ಈ ಕಡೆ' ಅಂತ ಅತ್ತೆ ಸೆರಗು ಹೊದ್ದುಕೊಂಡರು. 'ಸ್ವಲ್ಪ ಆ ಕಡೆ ಜರುಗಿ ಬೀಗರೇ, ನನಗೆ ಮಂಡಿ ಮಡಚೋಕೆ ಆಗಲ್ಲ. ನಿಮ್ಮ ಮಗಳನ್ನ ನಾವು ಚೆನ್ನಾಗೇ ನೋಡ್ಕೊಂಡಿದ್ದೀವಿ. ನನ್ನ ಮಗನೂ ಬಂದುಬಿಡ್ತಾನೆ, ಎಲ್ಲೋ ಕೆಲಸದ ಮೇಲೆ ಇದ್ದಾನೆ. ನೀವು ನಿಶ್ಚಿಂತೆಯಾಗಿ ಇಳ್ಕೊಳ್ಳಿ.'

ನಾನು ಗೇರು ಬದಲಿಸಿದೆ. ಬಸ್ ಸ್ಟ್ಯಾಂಡು ದಾಟಿತು, ಹೈಸ್ಕೂಲು ದಾಟಿತು. ಮೇಷ್ಟ್ರು ಎದುರಿಗಿನ ರಸ್ತೆಯನ್ನೇ ನೋಡುತ್ತಿದ್ದರು. ಅವರ ಕಾಲು ಬ್ರೇಕಿನ ಮೇಲೇ ಇತ್ತು.

'ಕೇಳೇ ವಾರಿಜಾ' ಅಂತ ಹಿಂದಿನಿಂದ ಅತ್ತೆ ನನ್ನ ಭುಜ ತಟ್ಟಿದರು. 'ಎಲ್ಲಿಗೆ ಅಂತ ಕೇಳಿಬಿಡು, ಪರವಾಗಿಲ್ಲ. ಎಲ್ಲಿಗೆ ಅಂತ ಇರೋರನ್ನ ಕೇಳಬಾರದು. ಹೋದೋರನ್ನ ಕೇಳಬಹುದು.'

ನನ್ನಿಂದ ಆಗಲಿಲ್ಲ. ನೀರಿನ ಟ್ಯಾಂಕಿನ ಪಕ್ಕ ಕಾರು ನಿಲ್ಲಿಸಿ, ಸ್ಟೇರಿಂಗ್ ಮೇಲೆ ಹಣೆ ಇಟ್ಟೆ. 'ಅಪ್ಪ ಅಲ್ಲ ಅತ್ತೆ' ಅಂದೆ.

ಅತ್ತೆಯ ಕೈ ನನ್ನ ಭುಜದಿಂದ ಇಳಿಯಿತು. ಸೈಕಲ್ಲಿನವನೊಬ್ಬ ಬೆಲ್ಲು ಮಾಡಿಕೊಂಡು ದಾಟಿ ಹೋದ. ಕನ್ನಡಿಯಲ್ಲಿ ನೋಡಿದೆ. ಅತ್ತೆ ತಮ್ಮ ಪಕ್ಕದ ಸೀಟನ್ನು ನೋಡುತ್ತಿದ್ದರು. ಕೈ ಎತ್ತಿದರು, ಎಲ್ಲಿ ಇಡಬೇಕೆಂದು ಗೊತ್ತಾಗದೆ ಗಾಳಿಯಲ್ಲೇ ಹಿಡಿದರು, ಆಮೇಲೆ ಥಂಡಿ ಹೆಚ್ಚಿದ್ದ ಕಡೆ ಮೆಲ್ಲಗೆ ಇಳಿಸಿದರು. ಸರಿಯಾಗಿ ಅವರ ಮಗನ ಮಂಡಿ ಮೇಲೇ ಇಳಿಯಿತು. ನಾನು ಅದನ್ನು ಹೇಳಲಿಲ್ಲ.

'ಊಟ ಮಾಡಿದ್ಯೇನೋ?' ಅಂತ ಕೇಳಿದರು.

ನನಗೆ ಎದೆ ಒಡೆದು ಅಳು ಬಂತು. ಮೇಷ್ಟ್ರು ಕಿಟಕಿ ಗಾಜು ಇಳಿಸಿ ಹೊರಗೆ ತಲೆ ಹಾಕಿದರು. ಅತ್ತೆ ಅಳಲಿಲ್ಲ. 'ಎಷ್ಟು ದಿನದಿಂದ ಕೂತಿದ್ದಾನೆ?' ಅಂದರು. ಮೊದಲ ದಿನದಿಂದ ಅಂದೆ. 'ಹಾಗೇ ಮಗು ತರ ಕೂರಿಸ್ಕೊಂಡು ಸುತ್ತಿದ್ಯಾ? ನನಗೆ ಹೇಳದೆ? ಹೇಳಿದ್ರೆ ನಾನೂ ದಿನಾ ಬಂದು ಕೂರ್ತಿದ್ನಲ್ಲೇ.' ಬೈಗುಳ ಅಷ್ಟೇ. ಆಮೇಲೆ, 'ಕೇಳು ಈಗ. ಕೇಳಬೇಡ ಅಂದವಳು ನಾನು. ನಾನೇ ಹೇಳ್ತಿದ್ದೀನಿ, ಕೇಳು' ಅಂದರು.

ಕನ್ನಡಿ ಹಿಡಿದುಕೊಂಡು ಕೇಳಿದೆ. 'ಎಲ್ಲಿಗೆ ಬಿಡ್ಲಿ ರೀ?'

ಅವರು ಕಿಟಕಿಯಿಂದ ತಿರುಗಿದರು. ಅಷ್ಟು ದಿನದಲ್ಲಿ ಮೊದಲನೇ ಸಲ ಕನ್ನಡಿಯೊಳಗಿಂದ ನನ್ನನ್ನು ನೋಡಿದರು. 'ಮನೆಗೆ' ಅಂದರು. ಅದೇ ದನಿ.

ನಾನು ಅದನ್ನು ಹೇಳಿದ್ದೇ ತಡ ಅತ್ತೆ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. 'ನೋಡಿದ್ಯಾ? ಮನೆಗೇ ಬರ್ತಿದ್ದ ನನ್ನ ಮಗ. ಏನೇನು ಅಂದ್ರಲ್ಲ ಬಾಯಿಗೆ ಬಂದ ಹಾಗೆ. ಮನೆಗೇ ಬರ್ತಿದ್ದ ಕಣೇ.' ನಾನೂ ಅದನ್ನೇ ಅಂದುಕೊಳ್ಳುತ್ತಿದ್ದೆ. ಇಷ್ಟು ವರ್ಷ ಮನಸ್ಸಿನಲ್ಲೇ ಅವರನ್ನು ಎಲ್ಲೆಲ್ಲೋ ಕಳಿಸಿದ್ದೆನಲ್ಲ ಅಂತ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸಿತು. ನಮ್ಮನೆ ದಾರಿಗೆ ಕನ್ನಡಿ ಯಾಕೆ ಅಂತ ಅದರ ಕಡೆ ನೋಡದೆಯೇ ಕಾರು ತಿರುಗಿಸಿದೆ. ಜೀವಮಾನದಲ್ಲಿ ಅಷ್ಟು ನಯವಾಗಿ ನಾನು ಕ್ಲಚ್ ಬಿಟ್ಟಿದ್ದಿಲ್ಲ.

ಮನೆ ಮುಂದೆ ನಿಲ್ಲಿಸಿದೆ. ಅತ್ತೆ ಇಳಿದು, ಈ ಕಡೆ ಸುತ್ತಿ ಬಂದು ಮಗನ ಬಾಗಿಲು ತೆಗೆದರು. 'ಬಾ, ನಿಧಾನಕ್ಕೆ ಇಳಿ. ಬ್ಯಾಗು ಕೊಡು ಇಲ್ಲಿ' ಅಂದರು. ಇಳಿಯುವಷ್ಟು ಹೊತ್ತು ಬಿಟ್ಟು ಬಾಗಿಲು ಹಾಕಿ, ಕೈಯನ್ನು ಯಾರದೋ ಬೆನ್ನಿಗೆ ಕೊಟ್ಟವರ ಹಾಗೆ ಚಾಚಿಕೊಂಡು, ಮಾತಾಡಿಸುತ್ತಾ ಮಾತಾಡಿಸುತ್ತಾ ಮೆಟ್ಟಿಲು ಹತ್ತಿ ಒಳಗೆ ಹೋದರು. ಕಾಲು ತೊಳೆಯೋಕೆ ನೀರು ಕೊಡ್ತೀನಿ ಅನ್ನೋದು ರಸ್ತೆಗೆ ಕೇಳಿಸಿತು.

ನಾನು ಕನ್ನಡಿ ನೋಡಿದೆ. ಅವರು ಇಳಿದಿರಲಿಲ್ಲ.

ಬ್ಯಾಗು ತೊಡೆ ಮೇಲೇ ಇತ್ತು. ನಮ್ಮ ಮನೆಯನ್ನು, ಬೇರೆ ಯಾರದೋ ಸ್ಟಾಪು ಬಂದಾಗ ನೋಡುವ ಹಾಗೆ ನೋಡುತ್ತಿದ್ದರು. 'ಎಲ್ಲಿಗೆ ಬಿಡ್ಲಿ?' ಅಂತ ಇನ್ನೊಂದು ಸಲ ಕೇಳಿದೆ. 'ಮನೆಗೆ' ಅಂದರು. ಅಷ್ಟೇ ಶಾಂತವಾಗಿ.

'ಇಳಿದ್ರಾ?' ಅಂತ ಮೇಷ್ಟ್ರು ಕೇಳಿದರು. ಇಲ್ಲ ಅಂತ ತಲೆಯಾಡಿಸಿದೆ. ಅವರು ನಮ್ಮ ಮನೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. ಅರ್ಥವಾಗಿರಬೇಕು. 'ಟೆಸ್ಟಿಗೆ ಇನ್ನೂ ಟೈಮಿದೆಯಮ್ಮಾ' ಅಂದರು. 'ನಾಳೆ ಅವರು ಇಷ್ಟೂ ಕಾಣಲ್ಲ. ಬಿಡ್ತೀಯೋ, ಇಟ್ಕೊಳ್ತೀಯೋ, ನೀನೇ ಹೇಳು.'

ಇಟ್ಟುಕೊಳ್ಳಬೇಕು ಅಂತ ನನಗೆ ಅನ್ನಿಸಲಿಲ್ಲ ಅಂದರೆ ದೇವರು ಮೆಚ್ಚೋದಿಲ್ಲ. ಅನ್ನಿಸಿತು. ಮಸುಕಾಗಿ ಹೋಗಲಿ, ಥಂಡಿಯಾದರೂ ನನ್ನ ಹತ್ತಿರವೇ ಇರಲಿ ಅನ್ನಿಸಿತು. ಕೈ ಕೀಲಿ ಮೇಲೇ ಇತ್ತು. ಕನ್ನಡಿಯಲ್ಲಿ ಉಳಿದಿದ್ದ ಆ ಒಂದು ಕಣ್ಣು ನನ್ನನ್ನು ನೋಡುತ್ತಿತ್ತು. ಅದರಲ್ಲಿ ಕೋಪವಿರಲಿಲ್ಲ, ಪ್ರೀತಿಯೂ ಇರಲಿಲ್ಲ. ಮನೆಗೆ ಹೋಗಬೇಕು ಅನ್ನೋ ಆಯಾಸ ಇತ್ತು. ಸ್ಟಾರ್ಟ್ ಮಾಡಿದೆ.

ಎಲ್ಲಿಗೆ ಅಂತ ಹೇಳಿದ ಮೇಲೆ ಅವರು ದಾರಿ ತೋರಿಸುತ್ತಾರೆ. ಬಾಯಿಂದ ಅಲ್ಲ. ತಿರುವು ಬರೋ ಮುಂಚೆಯೇ ಯಾವ ಕಡೆ ಹೋಗಬೇಕೋ ಆ ಕಡೆಗೆ ವಾಲುತ್ತಾರೆ. ಕಲಿಯುವವರು ಅದನ್ನು ನೋಡಿ ಇಂಡಿಕೇಟರ್ ಹಾಕಬೇಕು. ಮಾರ್ಕೆಟ್ಟಿನ ಹತ್ತಿರ ಎಡಕ್ಕೆ ವಾಲಿದರು. ರೈಲ್ವೆ ಗೇಟು ದಾಟಿದ ಮೇಲೆ ಬಲಕ್ಕೆ. ನಾನು ಊರು ದಾಟುತ್ತೇವೆ, ಯಾವುದೋ ದೂರದ ರಸ್ತೆ ಹಿಡಿಯುತ್ತೇವೆ ಅಂದುಕೊಂಡಿದ್ದೆ. ಎಣ್ಣೆ ಗಾಣದ ಹಿಂದಿನ ಸಣ್ಣ ಬೀದಿಯೊಂದಕ್ಕೆ ವಾಲಿದರು, ಅಲ್ಲಿ ನೆಟ್ಟಗೆ ಕೂತರು. ಅವರು ನನಗೆ ಸುಳ್ಳು ಹೇಳಿರಲಿಲ್ಲ. ಅಷ್ಟೇನೂ ದೂರ ಇರಲಿಲ್ಲ. ಈ ಬೀದಿಯ ತುದಿಯ ಅಂಗಡಿಗೆ ನಾನೇ ವಾರವಾರ ಕೋಡುಬಳೆ ಕಳಿಸುತ್ತಿದ್ದೆ.

ಹಸಿರು ಬಣ್ಣದ ಗೇಟು. ಸಡಿಲಾದ ಚಿಲಕಕ್ಕೆ ತಂತಿ ಸುತ್ತಿ, ತುದಿಯನ್ನು ಒಳಗೆ ಮಡಚಿ ಕೈಗೆ ಚುಚ್ಚದ ಹಾಗೆ ಮಾಡಿತ್ತು. ನಮ್ಮನೆ ಗೇಟಿಗೂ ಅದೇ ಕೈ ಅದೇ ತರ ಸುತ್ತಿದ್ದು. ಅದನ್ನು ನೋಡಿದ ಮೇಲೆ ನನಗೆ ಇನ್ನೇನೂ ನೋಡಬೇಕಾಗಿರಲಿಲ್ಲ.

ಕಾರು ನಿಂತ ಸದ್ದಿಗೆ ಒಬ್ಬಾಕೆ ಹೊರಗೆ ಬಂದರು. ನನ್ನ ವಯಸ್ಸಿನವರೇ. ಕೈಯಲ್ಲಿ ಹಿಟ್ಟು ಮೆತ್ತಿತ್ತು, ಹಣೆ ಮೇಲೆ ಕಾಸಿನಗಲ ಕುಂಕುಮ. ಎಲ್ ಬೋರ್ಡು ನೋಡಿ ಒಂದು ಗಳಿಗೆ ಮೆಟ್ಟಿಲ ಮೇಲೇ ನಿಂತರು. ಆಮೇಲೆ ಎಲ್ಲರೂ ಮಾಡುವ ಹಾಗೆ ಬಂದು ತಂತಿ ಬಿಚ್ಚಿ ಗೇಟು ತೆಗೆದರು. ನಾನು ಇಳಿದು ಹಿಂದಿನ ಬಾಗಿಲು ತೆಗೆದು ನಿಂತೆ.

'ಯಾರನ್ನ ಬಿಡೋಕೆ ಬಂದ್ರಿ?' ಅಂತ ಆಕೆ ಕೇಳಿದರು. ದನಿ ಆಗಲೇ ಸಣ್ಣಗಾಗಿತ್ತು.

ಗಂಡನ ಹೆಸರು ಬಾಯಲ್ಲಿ ಹೇಳುವ ಅಭ್ಯಾಸ ನನಗಿಲ್ಲ. ನಮ್ಮೆಜಮಾನರು ಅನ್ನುತ್ತಿದ್ದೆ, ನಮ್ಮನೆಯವರು ಅನ್ನುತ್ತಿದ್ದೆ. ಎರಡೂ ಆ ಗೇಟಿನ ಮುಂದೆ ಕೆಲಸಕ್ಕೆ ಬರಲಿಲ್ಲ.

'ನಿಮ್ಮ ಯಜಮಾನರನ್ನ' ಅಂದೆ.

ಆಕೆ ಗೇಟು ಹಿಡಿದುಕೊಂಡೇ ಪಕ್ಕಕ್ಕೆ ಸರಿದರು. ಥಂಡಿ ಗಾಳಿಯೊಂದು ನನ್ನ ಮುಂಗೈ ಸವರಿ ಆಚೆ ಹೋಯಿತು. ಆಕೆಯ ಸೆರಗು ಅಲ್ಲಾಡಿತು. ಬಾಗಿ ಒಳಗಿನ ಕನ್ನಡಿ ನೋಡಿದೆ. ಸೀಟು ಖಾಲಿ. ಇಷ್ಟು ತಿಂಗಳ ಮೇಲೆ ಆ ಕನ್ನಡಿಯಲ್ಲಿ ಹಿಂದಿನ ಗಾಜು ಕಾಣಿಸಿತು, ಅದರಾಚೆ ರಸ್ತೆ ಕಾಣಿಸಿತು.

ಹೊರಡಲು ತಿರುಗಿದೆ. 'ನಿಲ್ಲಿ' ಅಂದರು ಆಕೆ. ನನ್ನ ಕತ್ತಿನ ತಾಳಿಯನ್ನು ನೋಡುತ್ತಿದ್ದರು. ಎಲ್ಲಿ ಮಾಡಿಸಿದ್ದು, ಯಾವ ಅಕ್ಕಸಾಲಿಗನ ಕೆಲಸ ಅಂತ ಅವರಿಗೆ ಗೊತ್ತಾಗಿರಬೇಕು, ಅವರ ಕತ್ತಿನಲ್ಲಿದ್ದದ್ದೂ ಅದೇ ಆಗಿತ್ತು. ಬೈಯುತ್ತಾರೆ ಅಂತ ಕಾದೆ. ನಾನೂ ಬೈಯಬೇಕು ಅಂತ ಬಾಯಿ ತುಂಬಾ ಮಾತು ಇಟ್ಟುಕೊಂಡಿದ್ದೆ. ಅವರು ಒಳಗೆ ಹೋಗಿ ಬಂದಾಗ ಕೈಯಲ್ಲಿ ಕುಂಕುಮದ ಬಟ್ಟಲಿತ್ತು. ಮನೆ ಬಾಗಿಲಿಗೆ ಬಂದ ಹೆಂಗಸನ್ನು ಕುಂಕುಮ ಕೊಡದೆ ಕಳಿಸಿ ಗೊತ್ತಿಲ್ಲದ ಕೈ ಅದು, ತಾನಾಗೇ ತಂದುಬಿಟ್ಟಿತ್ತು. ನನ್ನ ಹಣೆಯ ಹತ್ತಿರ ಬೆರಳು ಬಂದ ಮೇಲೆ ಅವರಿಗೆ ಹೊಳೆಯಿತು. ಬೆರಳು ಅಲ್ಲೇ ನಿಂತು ನಡುಗತೊಡಗಿತು. ನಾವಿಬ್ಬರೂ ಈಗ ಯಾರು, ಯಾರಿಗೆ ಯಾರು ಕುಂಕುಮ ಇಡಬಹುದು ಅಂತ ಇಬ್ಬರಿಗೂ ತಿಳಿಯಲಿಲ್ಲ.

ನಾನೇ ತಲೆ ಬಗ್ಗಿಸಿ ಹಣೆ ಕೊಟ್ಟೆ. ಇಟ್ಟರು. ಬೆರಳು ನಡುಗುತ್ತಿದ್ದದ್ದರಿಂದ ಅದು ಹುಬ್ಬಿನವರೆಗೆ ಹರಡಿತು. ಬಟ್ಟಲು ತಗೊಂಡು ನಾನೂ ಅವರಿಗೆ ಇಟ್ಟೆ. ಅವರ ಹಣೆ ಬೆಂಕಿ ಹಾಗೆ ಸುಡುತ್ತಿತ್ತು. ಒಬ್ಬರನ್ನೊಬ್ಬರು ಹೆಸರು ಕೇಳಲಿಲ್ಲ. 'ಹೋಗಿ ಬರ್ತೀನಿ' ಅಂತ ಬಾಯಿಗೆ ಬಂದದ್ದು ಹೇಳಿಬಿಟ್ಟೆ. 'ಹೂಂ, ಬನ್ನಿ' ಅಂದರು ಅವರೂ.

ಇನ್ಸ್‌ಪೆಕ್ಟರು ಎಂಟು ಹಾಕಿಸಿದರು, ರಿವರ್ಸ್ ತೆಗೆಸಿದರು. ಎಂಟು ಸೊಟ್ಟಗಾಯಿತು, ರಿವರ್ಸಿನಲ್ಲಿ ಒಂದು ಕಂಬ ಬಿತ್ತು. ಅವರು ಅದಕ್ಕೆಲ್ಲ ಏನೂ ಅನ್ನಲಿಲ್ಲ. ಹಿಂದಿನ ಸೀಟಿನ ಮೇಲೆ ಕೈ ಊರಿ ಬಹಳ ಹೊತ್ತು ಇಟ್ಟು, ಶಾಲು ತೆಗೆದು ಮಡಚಿ ಪಕ್ಕಕ್ಕಿಟ್ಟರು. ಫೋಟೋ ತೆಗೆಯುವ ಹುಡುಗಿ, 'ಕುಂಕುಮ ಹರಡಿದೆ ಮೇಡಂ, ಒರೆಸಿಕೊಳ್ಳಿ' ಅಂದಳು. ಇರಲಿ ಬಿಡಮ್ಮ ಅಂದೆ. ಇವತ್ತಿಗೂ ನನ್ನ ಲೈಸೆನ್ಸಿನಲ್ಲಿ ಇರೋದು ಆ ಹಣೆಯೇ. ನೋಡಿದವರು ಜಾತ್ರೆಗೆ ಹೋಗಿ ಬಂದವಳ ಹಾಗಿದ್ದೀಯ ಅಂತ ನಗುತ್ತಾರೆ.

ಮೇಷ್ಟ್ರು ಅವತ್ತು ಸಂಜೆ ಮನೆವರೆಗೂ ನನಗೇ ಓಡಿಸಲು ಕೊಟ್ಟರು. ಎಲ್ ಬೋರ್ಡು ಕಿತ್ತು ತೊಡೆ ಮೇಲಿಟ್ಟುಕೊಂಡು ಕೂತರು. ಗೇಟು ತೆಗೆದಾಗ ಒಳಗಿಂದ ಹುರಿದ ಶಾವಿಗೆಯ ವಾಸನೆ ಬರುತ್ತಿತ್ತು. ಪಾಯಸ. ನಡುಮನೆಯಲ್ಲಿ ಮೂರು ಎಲೆ ಹಾಕಿತ್ತು, ಅದರಲ್ಲೊಂದರಲ್ಲಿ ಬಡಿಸಿದ್ದೆಲ್ಲ ಹಾಗೇ ಇತ್ತು. ಅತ್ತೆ ಒಳಗಿನಿಂದ ತುದಿಗಾಲಲ್ಲಿ ಬಂದರು. ಇಷ್ಟು ವರ್ಷದಲ್ಲಿ ಅವರ ಮುಖ ಅಷ್ಟು ಹಗುರಾಗಿದ್ದನ್ನು ನಾನು ನೋಡಿದ್ದಿಲ್ಲ. ಲೈಸೆನ್ಸು ಸಿಕ್ಕಿತಾ ಅಂತ ಕೇಳಲೇ ಇಲ್ಲ.

'ಮೆಲ್ಲಗೆ ಬಾರೇ' ಅಂದರು. 'ಬಂದವನು ಎರಡು ತುತ್ತು ತಿಂದನೋ ಇಲ್ವೋ, ಸುಸ್ತು ಅಂತ ಹೋಗಿ ಮಲಗಿಬಿಟ್ಟ. ಈಗ ತಾನೇ ಕಣ್ಣು ಹತ್ತಿದೆ.'

ಹೇಳಿಬಿಡಬಹುದಿತ್ತು. ಮಾತು ಬಾಯಿವರೆಗೂ ಬಂದಿತ್ತು. ಅತ್ತೆ ನನ್ನ ಕೈ ಹಿಡಿದು ಮುಖ ನೋಡುತ್ತಾ ನಿಂತಿದ್ದರು, ಹಿಡಿತ ಬಿಗಿಯಾಗುತ್ತಿತ್ತು. ಅವರಿಗೂ ಏನೋ ಗೊತ್ತಿತ್ತೋ ಏನೋ, ನಾನು ಕೇಳಲಿಲ್ಲ.

'ಹೊದಿಕೆ ಹೊದಿಸಿದ್ದೀರಾ ಅತ್ತೆ?' ಅಂದೆ.

'ಇಲ್ಲ ಕಣೇ. ನೀನೇ ಹೊದಿಸು' ಅಂದರು.

ಒಳಗೆ ಹೋಗಿ ಬೀರುವಿನಿಂದ ದಪ್ಪನೆಯ ಕಂಬಳಿ ತೆಗೆದು, ಖಾಲಿ ಹಾಸಿಗೆಗೆ ದಿಂಬಿನವರೆಗೂ ಹೊದಿಸಿ, ಬಾಗಿಲು ಮುಂದೆ ಮಾಡಿಕೊಂಡು ಬಂದೆ.